ಕೊಳ್ಳೇಗಾಲ, ಹನೂರು, ಯಳಂದೂರು ಗಡಿಸೀಮೆಯ ಒಂದು ದಿನದ ಪ್ರವಾಸಗಳು

ಕೊಳ್ಳೇಗಾಲ, ಹನೂರು, ಯಳಂದೂರು ಗಡಿಸೀಮೆಯ ಒಂದು ದಿನದ ಪ್ರವಾಸವೆಂದರೆ ಚಾಮರಾಜನಗರ ಜಿಲ್ಲೆಯ ಈ ಮೂರು ತಾಲ್ಲೂಕುಗಳ ಊರುಗಳಿಂದ ಬೆಳಿಗ್ಗೆ ಹೊರಟು, ಕಾವೇರಿ ಹಾಗೂ ಅದನ್ನು ಸೇರುವ ಹೊಳೆಗಳ ದಡದಲ್ಲಿರುವ ಹಳೆಯ ಪಟ್ಟಣ, ಗುಡಿ, ಜಲಪಾತ, ಬೆಟ್ಟಗಳನ್ನು ಕಂಡು ರಾತ್ರಿಯೊಳಗೆ ಮನೆ ಸೇರುವ ಸಂಚಾರ. ಕರ್ನಾಟಕದ ದಕ್ಷಿಣದ ತುದಿಯಲ್ಲಿರುವ ಈ ಸೀಮೆಯಲ್ಲಿ ರಾಜ್ಯಗಳ ಗಡಿ ಹಲವು ಸಲ ಜಾಗ ಬದಲಿಸಿದೆ. ಇಂದು ಒಂದೇ ಹಗಲಲ್ಲಿ ನೋಡಿ ಬರುವ ಹಲವು ಜಾಗಗಳ ನಡುವೆ ಒಂದು ಕಾಲಕ್ಕೆ ಎರಡು ಸರ್ಕಾರಗಳ ಎಲ್ಲೆ ಇತ್ತು.

ವ್ಯಾಪ್ತಿ ಮತ್ತು ಪದಬಳಕೆ

ತಮಿಳುನಾಡಿಗೆ ಉದ್ದಕ್ಕೂ ತಾಗಿಕೊಂಡಿರುವುದು ಹನೂರು ತಾಲ್ಲೂಕು. ಮೊದಲು ಕೊಳ್ಳೇಗಾಲ ತಾಲ್ಲೂಕಿನ ಹೋಬಳಿಯಾಗಿದ್ದ ಹನೂರು, 2017ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಿದ ಹೊಸ ತಾಲ್ಲೂಕುಗಳಲ್ಲಿ ಒಂದು. ಯಳಂದೂರು ಜಿಲ್ಲೆಯ ಅತಿ ಚಿಕ್ಕ ತಾಲ್ಲೂಕು. ಮೂರೂ ತಾಲ್ಲೂಕುಗಳಿಗೆ ದಾರಿ ಕೂಡುವ ಊರು ಕೊಳ್ಳೇಗಾಲ. ಬೆಂಗಳೂರು, ಕನಕಪುರ, ಮಳವಳ್ಳಿ ಕಡೆಯಿಂದ ಬಂದು ಯಳಂದೂರು, ಚಾಮರಾಜನಗರದ ಮೇಲೆ ಸತ್ಯಮಂಗಲ, ಕೊಯಮತ್ತೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 948 (ಹಳೆಯ ಸಂಖ್ಯೆ 209) ಈ ಪಟ್ಟಣವನ್ನು ಹಾದುಹೋಗುತ್ತದೆ.

ಸ್ಥಳೀಯರ ಮಾತಿನಲ್ಲಿ 'ಬೆಟ್ಟ' ಎಂದಷ್ಟೇ ಹೇಳಿದರೆ ಹನೂರು ಕಡೆ ಅದು ಮಲೆ ಮಹದೇಶ್ವರ ಬೆಟ್ಟ, ಯಳಂದೂರು ಕಡೆ ಬಿಳಿಗಿರಿರಂಗನ ಬೆಟ್ಟ. 'ಪರಸೆ' ಎಂಬುದು ಜಾತ್ರೆಗೂ ಜಾತ್ರೆಗೆ ನೆರೆಯುವ ಜನಕ್ಕೂ ಸಲ್ಲುವ ಮಾತು. 'ಪೋಡು' ಎಂದರೆ ಇಲ್ಲಿಯ ಕಾಡಿನ ಬುಡಕಟ್ಟಾದ ಸೋಲಿಗರ ಹಾಡಿ. ಹರಿಯುವ ನೀರಿಗೆ ಇಲ್ಲಿ ಅಳತೆಗೆ ತಕ್ಕ ಹೆಸರುಗಳಿವೆ: ಕಾವೇರಿ, ಸುವರ್ಣಾವತಿಗಳಿಗೆ 'ಹೊಳೆ', ಬೆಟ್ಟದ ಸಂದಿನಲ್ಲಿ ಹರಿಯುವುದಕ್ಕೆ 'ತೊರೆ', ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಬತ್ತುವುದಕ್ಕೆ 'ಹಳ್ಳ'. ಹನೂರು ಕಡೆಯ ಉಡುತೊರೆ ಹಳ್ಳದ ಹೆಸರಿನಲ್ಲಿ ಕೊನೆಯ ಎರಡೂ ಸೇರಿಕೊಂಡಿವೆ.

ಗಡಿಯ ಹಿನ್ನೆಲೆ

ವಿಜಯನಗರದ ಕಾಲದಲ್ಲಿ ಈ ನಾಡಿನ ಬಲವಾದ ಮನೆತನ ಉಮ್ಮತ್ತೂರಿನದು. ಅವರ ಕೋಟೆ ಶಿವನಸಮುದ್ರದ ದ್ವೀಪದಲ್ಲಿತ್ತು. ಕೃಷ್ಣದೇವರಾಯ ತನ್ನ ಆಳ್ವಿಕೆಯ ಮೊದಲ ವರ್ಷಗಳಲ್ಲಿಯೇ ಉಮ್ಮತ್ತೂರಿನ ಗಂಗರಾಜನ ಮೇಲೆ ದಂಡೆತ್ತಿ ಬಂದು ಶಿವನಸಮುದ್ರವನ್ನು ಹಿಡಿದನು. ಯಳಂದೂರು ಸೀಮೆ ಹದಿನಾಡು ಪಾಳೆಯಗಾರರದಾಗಿತ್ತು. ಮುಂದೆ ಇವೆಲ್ಲ ಮೈಸೂರು ಒಡೆಯರ ಕೈಸೇರಿದವು.

ಈಗಿನ ಪ್ರವಾಸ ದಾರಿಗಳು ಅರ್ಥವಾಗಬೇಕಾದರೆ 1799 ಮತ್ತು 1956, ಈ ಎರಡು ವರ್ಷಗಳನ್ನು ತಿಳಿದಿರಬೇಕು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೊಳ್ಳೇಗಾಲ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ ಮದ್ರಾಸ್ ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿಯೇ ಉಳಿಯಿತು. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು. ಹೀಗೆ ಒಂದೂವರೆ ಶತಮಾನ ಕಾಲ, ಇಂದು ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಾದ ಕೊಳ್ಳೇಗಾಲ ಮತ್ತು ಯಳಂದೂರುಗಳ ನಡುವೆ ಬ್ರಿಟಿಷ್ ಸೀಮೆಗೂ ಸಂಸ್ಥಾನಕ್ಕೂ ನಡುವಣ ಎಲ್ಲೆ ಇತ್ತು. ಉತ್ತರದಲ್ಲಿ ಶಿವನಸಮುದ್ರದ ಬಳಿ ಕಾವೇರಿಯ ಆಚೆ ದಡದ ಮಳವಳ್ಳಿ ಮೈಸೂರಿನದು, ಈಚೆ ದಡ ಮದ್ರಾಸಿನದು.

1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂದಿತು. ಕನ್ನಡ ಮಾತಾಡುವ ತಾಳವಾಡಿ ಸೀಮೆ ಮದ್ರಾಸಿನಲ್ಲಿಯೇ ಉಳಿಯಿತು, ಡಾ. ರಾಜಕುಮಾರ್ ಹುಟ್ಟಿದ ಗಾಜನೂರು ಆ ಸೀಮೆಯಲ್ಲಿದೆ. ಗಡಿ ಕಾವೇರಿಯ ದಡವನ್ನು ಬಿಟ್ಟು ಆಗ್ನೇಯಕ್ಕೆ ಸರಿದು ಪಾಲಾರ್ ಹಳ್ಳಕ್ಕೂ ಬರ್ಗೂರು ಬೆಟ್ಟಸಾಲಿಗೂ ಹೋಗಿ ನಿಂತಿತು. ಮೈಸೂರು ಜಿಲ್ಲೆಯೊಳಗಿದ್ದ ಈ ತಾಲ್ಲೂಕುಗಳು 1997ರಲ್ಲಿ ಹೊಸ ಚಾಮರಾಜನಗರ ಜಿಲ್ಲೆಗೆ ಸೇರಿದವು.

ಹೊಳೆಗಳು

ಕಾವೇರಿ ಈ ಸೀಮೆಯ ಉತ್ತರ ಮತ್ತು ಪೂರ್ವದ ಅಂಚನ್ನು ಬಳಸಿ ಹರಿಯುತ್ತದೆ. ತಿರುಮಕೂಡಲು ನರಸೀಪುರದಲ್ಲಿ ಕಬಿನಿಯನ್ನು ಕೂಡಿಕೊಂಡು, ತಲಕಾಡಿನಲ್ಲಿ ಬಾಗಿ, ದಾಸನಪುರ, ಮುಳ್ಳೂರು, ಹರಳೆಗಳ ಬಯಲನ್ನು ದಾಟಿ ಶಿವನಸಮುದ್ರದಲ್ಲಿ ಎರಡು ಕವಲಾಗುತ್ತದೆ. ಅಲ್ಲಿಂದ ಕೆಳಗೆ ಕಾಡಿನ ಕೊರಕಲಿನಲ್ಲಿ ಇಳಿದು, ಸುಮಾರು 64 ಕಿ.ಮೀ. ದೂರ ಕರ್ನಾಟಕ ಮತ್ತು ತಮಿಳುನಾಡಿನ ಗಡಿಯಾಗಿ ಸಾಗುತ್ತದೆ. ಈ ಹರಿವಿನಲ್ಲಿರುವ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಅಡಿ ನೀರು ಹರಿಯಬೇಕೆಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಹೇಳಿದ್ದು ಇಲ್ಲಿಯ ಅಳತೆಗೇ.

ಬಿಳಿಗಿರಿ ಸಾಲಿನ ಕಡೆಯಿಂದ ಬರುವ ಸುವರ್ಣಾವತಿ, ಜನರ ಮಾತಿನ ಹೊನ್ನುಹೊಳೆ, ಯಳಂದೂರನ್ನು ಹಾದು ಕೊಳ್ಳೇಗಾಲದ ಕಡೆ ಕಾವೇರಿಗೆ ಸೇರುತ್ತದೆ. ಚಾಮರಾಜನಗರದ ಬಳಿ ಅಟ್ಟುಗೂಳಿಪುರದಲ್ಲಿ ಇದಕ್ಕೆ ಅಣೆಕಟ್ಟೆ ಇದೆ. ಗುಂಡಾಲ್ ಮತ್ತು ಉಡುತೊರೆ ಹಳ್ಳಗಳಿಗೂ ಜಲಾಶಯಗಳಿವೆ. ಅವು ನೀರಾವರಿಗಾಗಿ ಕಟ್ಟಿದವು, ನೋಡಲು ಹೋಗುವವರು ಕಡಿಮೆ.

ಪ್ರವಾಸದ ದಾರಿಗಳು

ಯಳಂದೂರು: ಕೊಳ್ಳೇಗಾಲದಿಂದ 20 ಕಿ.ಮೀ.ಗಿಂತ ಕಡಿಮೆ ದೂರ. ಇಲ್ಲಿಯ ಗೌರೀಶ್ವರ ದೇವಾಲಯವನ್ನು ಹದಿನಾಡು ಅರಸರು 16ನೇ ಶತಮಾನದಲ್ಲಿ ಕಟ್ಟಿಸಿದರು. ಅದರ ಮುಂದಿನ ಮಹಾದ್ವಾರ ಮುಂದಿನ ಶತಮಾನದ್ದು. ಊರವರು ಅದನ್ನು 'ಬಳೆ ಮಂಟಪ' ಎನ್ನುತ್ತಾರೆ. ದ್ವಾರದ ಮೇಲೆ ಗೋಪುರವಿಲ್ಲ. ಮೂಲೆಯಿಂದ ಕೆಳಗಿಳಿಯುವ ಕಲ್ಲಿನ ಬಳೆಗಳ ಸರಪಳಿಯೇ ಹೆಸರಿಗೆ ಕಾರಣ. ಬಳೆಗಳನ್ನು ಬಿಡಿಬಿಡಿಯಾಗಿ ಮಾಡಿ ಪೋಣಿಸಿದ್ದಲ್ಲ. ಒಂದೇ ಕಲ್ಲನ್ನು ಕಡೆದು, ಒಂದರೊಳಗೊಂದು ಸಿಕ್ಕಿಕೊಂಡು ಸಡಿಲವಾಗಿ ತೂಗುವಂತೆ ಬಿಡಿಸಿದ್ದು. ಒಂದು ಕಡೆ ಉಳಿಯೇಟು ತಪ್ಪಿದ್ದರೂ ಸರಪಳಿ ಪೂರಾ ಕೆಡುತ್ತಿತ್ತು. ಗೋಡೆಗಳ ಮೇಲೆ ಶೈವ ಪುರಾಣದ ಉಬ್ಬುಚಿತ್ರಗಳಿವೆ. ಜಿಲ್ಲೆಯ ಶಿಲ್ಪಗಳಲ್ಲಿ ಇದಕ್ಕೆ ಸಾಟಿಯಾದುದು ಬೇರೆ ಇಲ್ಲ. ಹೆದ್ದಾರಿಯ ಮಗ್ಗುಲಲ್ಲೇ ಇದ್ದರೂ ಬೆಟ್ಟಕ್ಕೆ ಹೋಗುವವರಲ್ಲಿ ಬಹುಮಂದಿ ನಿಲ್ಲದೆ ಮುಂದೆ ಸಾಗುತ್ತಾರೆ.

ಪೂರ್ಣಯ್ಯನವರ ವಂಶದವರ ಬಂಗಲೆ ಈಗ ವಸ್ತುಸಂಗ್ರಹಾಲಯ. ಯಳಂದೂರಿಗೆ ಕನ್ನಡ ಸಾಹಿತ್ಯದಲ್ಲಿಯೂ ದೊಡ್ಡ ಸ್ಥಾನವಿದೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದು 'ಹದಿಬದೆಯ ಧರ್ಮ' ಬರೆದ ಸಂಚಿಯ ಹೊನ್ನಮ್ಮ ಈ ಊರಿನವಳು. 'ರಾಜಶೇಖರ ವಿಳಾಸ'ದ ಕವಿ ಷಡಕ್ಷರದೇವ ಇಲ್ಲಿಯ ಮಠದಲ್ಲಿದ್ದವನು. ಅಲ್ಲಿಂದ ಕೊಳ್ಳೇಗಾಲ ತಾಲ್ಲೂಕಿನ ಚಿಲಕವಾಡಿಗೆ ಹೋದರೆ ನಿಜಗುಣ ಶಿವಯೋಗಿಯ ನೆಲೆಯಾದ ಶಂಭುಲಿಂಗನ ಬೆಟ್ಟ ಸಿಗುತ್ತದೆ. ಅವನ 'ವಿವೇಕ ಚಿಂತಾಮಣಿ' ಕನ್ನಡದ ಹಳೆಯ ವಿಶ್ವಕೋಶಗಳಲ್ಲಿ ಮುಖ್ಯವಾದುದು. ಹೊನ್ನಮ್ಮ, ಷಡಕ್ಷರಿ, ನಿಜಗುಣ ಮೂವರ ನೆಲೆಗಳನ್ನೂ ಒಂದು ಮಧ್ಯಾಹ್ನದೊಳಗೆ ನೋಡಿ ಮುಗಿಸಬಹುದು.

ಬಿಳಿಗಿರಿರಂಗನ ಬೆಟ್ಟ: ಯಳಂದೂರಿನಿಂದ ಸುಮಾರು 24 ಕಿ.ಮೀ. ಗುಂಬಳ್ಳಿಯ ತಪಾಸಣಾ ಠಾಣೆಯಲ್ಲಿ ಕಾಡು ಶುರುವಾಗುತ್ತದೆ. ರಾತ್ರಿ ವಾಹನಗಳಿಗೆ ಪ್ರವೇಶವಿಲ್ಲ. ಬಿಳಿಯ ಬಂಡೆಯ ತುದಿಯಲ್ಲಿರುವ ರಂಗನಾಥನ ಗುಡಿಯಲ್ಲಿ ದೇವರು ನಿಂತ ಭಂಗಿಯಲ್ಲಿದ್ದಾನೆ. ಸೋಲಿಗರಿಗೆ ರಂಗ ಭಾವನಾಗಬೇಕು, ಏಕೆಂದರೆ ಅವನು ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂಬುದು ಅವರ ಕಥೆ. ಕಾಡಿನೊಳಗೆ ಭಾರ್ಗವಿ ತೊರೆಯ ದಡದಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಮರವಿದೆ. ಬುಡದ ತುಂಬ ನೆಟ್ಟ ಕಲ್ಲುಗಳಿವೆ. ಈ ಅರಣ್ಯ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಇಲ್ಲಿಯ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳು ಸಿಕ್ಕವು. ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ ಮತ್ತು ಶಾಲೆಗಳು ಬೆಟ್ಟದ ಮೇಲಿವೆ.

ಶಿವನಸಮುದ್ರ: ಕೊಳ್ಳೇಗಾಲದಿಂದ ಸತ್ತೇಗಾಲದ ಮೇಲೆ ಸುಮಾರು 15 ಕಿ.ಮೀ. ದ್ವೀಪವನ್ನು ಬಳಸಿದ ಎರಡು ಕವಲುಗಳಲ್ಲಿ ಪಶ್ಚಿಮದ್ದು ಗಗನಚುಕ್ಕಿಯಾಗಿ, ಪೂರ್ವದ್ದು ಭರಚುಕ್ಕಿಯಾಗಿ ಧುಮುಕುತ್ತದೆ. ಗಗನಚುಕ್ಕಿಯನ್ನು ಎದುರಿನಿಂದ ನೋಡುವ ಕಟ್ಟೆ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನದು, ಭರಚುಕ್ಕಿ ಕೊಳ್ಳೇಗಾಲ ತಾಲ್ಲೂಕಿನದು. ಇಲ್ಲಿಯ ರಂಗನಾಥ 'ಮಧ್ಯರಂಗ'. ಶ್ರೀರಂಗಪಟ್ಟಣದವನು ಆದಿರಂಗ, ಶ್ರೀರಂಗದವನು ಅಂತ್ಯರಂಗ. ದ್ವೀಪದಲ್ಲಿ ಸೋಮೇಶ್ವರ ದೇವಾಲಯವೂ ಗಗನಚುಕ್ಕಿಯ ಪಕ್ಕದಲ್ಲಿ ಒಂದು ದರ್ಗಾವೂ ಇವೆ.

ಜಲಪಾತದ ಕೆಳಗಿನ ವಿದ್ಯುದಾಗಾರವನ್ನು ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜಿಸಲಾಯಿತು. 1902ರ ಜೂನ್‌ನಲ್ಲಿ ಇಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ.

ದ್ವೀಪಕ್ಕೆ ಹೋಗಲು 19ನೇ ಶತಮಾನದ ಮೊದಲ ಭಾಗದಲ್ಲಿ ಜಹಗೀರುದಾರ ರಾಮಸ್ವಾಮಿ ಮೊದಲಿಯಾರ್ ಕಲ್ಲಿನ ಸೇತುವೆಗಳನ್ನು ಕಟ್ಟಿಸಿದರು. ಜನ ವೆಸ್ಲಿ ಸೇತುವೆ ಎನ್ನುವುದು ಇವುಗಳಲ್ಲಿ ಒಂದನ್ನು. ಹೊಳೆಯ ಬಂಡೆಯಲ್ಲಿ ನಿಲ್ಲಿಸಿದ ಕಲ್ಲುಕಂಬಗಳ ಸಾಲು, ಮೇಲೆ ಅಡ್ಡಹಾಸಿದ ಕಲ್ಲುತೊಲೆಗಳು, ಇಷ್ಟೇ ಅದರ ರಚನೆ. ಕಂಬಗಳು ನೇರ ಗೆರೆಯಲ್ಲಿಲ್ಲ, ಬಂಡೆ ಗಟ್ಟಿಯಾಗಿರುವ ಕಡೆ ಹುಡುಕಿಕೊಂಡು ಬಾಗುತ್ತ ಹೋಗಿವೆ. ಹೊಸ ಸೇತುವೆ ಬಂದ ಮೇಲೆ ವಾಹನ ಸಂಚಾರ ಅತ್ತ ಹೋಯಿತು. ಇತ್ತೀಚಿನ ವರ್ಷಗಳ ನೆರೆಯಲ್ಲಿ ಹಳೆಯ ಸೇತುವೆಯ ಒಂದು ಭಾಗ ಕೊಚ್ಚಿಹೋಗಿದೆ.

ತಲಕಾಡು, ಸೋಮನಾಥಪುರ: ಎರಡೂ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನವು. ಕೊಳ್ಳೇಗಾಲದವರಿಗೆ ಅರ್ಧ ದಿನದ ದಾರಿ. ಗಂಗರ ರಾಜಧಾನಿಯಾಗಿದ್ದ ತಲಕಾಡನ್ನು ಚೋಳರು ಗೆದ್ದರು. ಹೊಯ್ಸಳ ವಿಷ್ಣುವರ್ಧನ ಅವರಿಂದ ಅದನ್ನು ಬಿಡಿಸಿಕೊಂಡು, ಗೆಲುವಿನ ನೆನಪಿಗೆ 1117ರಲ್ಲಿ ಕೀರ್ತಿನಾರಾಯಣ ದೇವಾಲಯವನ್ನು ಕಟ್ಟಿಸಿದನು. ಹಳೆಯ ಪಟ್ಟಣ ಮರಳಿನಡಿ ಹೂತಿದೆ. ಗುಡಿಗಳಿಗೆ ಮೆಟ್ಟಿಲಿಳಿದು ಹೋಗಬೇಕು. ಕಾರ್ತಿಕ ಮಾಸದಲ್ಲಿ ಯೋಗ ಕೂಡಿಬಂದ ವರ್ಷ ಮಾತ್ರ ನಡೆಯುವ ಪಂಚಲಿಂಗ ದರ್ಶನ 2009, 2013 ಮತ್ತು 2020ರಲ್ಲಿ ನಡೆಯಿತು. ಸೋಮನಾಥಪುರದ ಕೇಶವ ದೇವಾಲಯ 13ನೇ ಶತಮಾನದ್ದು. ಬೇಲೂರು, ಹಳೇಬೀಡುಗಳೊಂದಿಗೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಮಲೆ ಮಹದೇಶ್ವರ ಬೆಟ್ಟ: ಈ ಸೀಮೆಯಲ್ಲಿ ಅತಿ ಹೆಚ್ಚು ಜನ ಹೋಗಿಬರುವ ಜಾಗ. ಕೊಳ್ಳೇಗಾಲದಿಂದ ಹನೂರು, ರಾಮಾಪುರ, ಕೌದಳ್ಳಿಗಳ ಮೇಲೆ ಸುಮಾರು 80 ಕಿ.ಮೀ. ತಾಳುಬೆಟ್ಟದಿಂದ ತಿರುವುಗಳ ಏರುದಾರಿ. ಜನಪದರ ಮಾತಿನಲ್ಲಿ ಇದು ಎಪ್ಪತ್ತೇಳು ಮಲೆಯ ನಾಡು, ದೇವರು 'ಮಾದಪ್ಪ'. ಪೂಜೆ ಬೇಡಗಂಪಣರದು. ಗುರುಪೀಠ ಸಾಲೂರು ಮಠದ್ದು. ಮಾದಪ್ಪನ ಕಥೆಯನ್ನು ದೇವರಗುಡ್ಡರು ಕಂಸಾಳೆಯ ತಾಳದೊಂದಿಗೆ ರಾತ್ರಿಯಿಡೀ ಹಾಡುತ್ತಾರೆ. ಅದು ಕನ್ನಡದ ದೊಡ್ಡ ಜನಪದ ಮಹಾಕಾವ್ಯಗಳಲ್ಲಿ ಒಂದು. ಬಂದವರು ಅಂತರಗಂಗೆಯಲ್ಲಿ ಮಿಂದು, ದರ್ಶನ ಮಾಡಿ, ದಾಸೋಹದಲ್ಲಿ ಉಂಡು, ಲಾಡು ಕಟ್ಟಿಸಿಕೊಂಡು ಇಳಿಯುತ್ತಾರೆ. 108 ಅಡಿಯ ಮಹದೇಶ್ವರ ಪ್ರತಿಮೆ 2023ರಲ್ಲಿ ಅನಾವರಣಗೊಂಡಿತು. ಬೆಟ್ಟದ ಸುತ್ತಣ ಕಾಡು 2013ರಿಂದ ವನ್ಯಧಾಮ.

ಪಾಲಾರ್, ಗೋಪಿನಾಥಂ, ಹೊಗೇನಕಲ್: ಬೆಟ್ಟದಿಂದ ಆಚೆ ಇಳಿದರೆ ಪಾಲಾರ್. ಸೇತುವೆಯ ಆಚೆ ತಮಿಳುನಾಡು, ಮೆಟ್ಟೂರಿನ ದಾರಿ. 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟೆಯ ಹಿನ್ನೀರು ಈ ಕಡೆಗೆ ಚಾಚಿಕೊಂಡಿದೆ. ಸೇತುವೆ ದಾಟದೆ ಕಾಡಿನೊಳಗೆ ತಿರುಗಿದರೆ ಗೋಪಿನಾಥಂ, ಮುಂದೆ ಕಾವೇರಿಯ ದಡದಲ್ಲಿ ಹೊಗೇನಕಲ್. ಹೆಸರು ಅಚ್ಚ ಕನ್ನಡ: ಬಂಡೆಗೆ ಬಡಿದು ಹೊಗೆಯಂತೆ ಏಳುವ ನೀರಿನ ಹನಿಯಿಂದ ಹೊಗೆಯ ಕಲ್ಲು. ಎದುರು ದಡ ತಮಿಳುನಾಡಿನ ಧರ್ಮಪುರಿ ಜಿಲ್ಲೆ. ಎರಡೂ ದಡದವರು ಹರಿಗೋಲು ಹಾಕುತ್ತಾರೆ. ಒಳಹರಿವು ಹೆಚ್ಚಾದ ದಿನಗಳಲ್ಲಿ ಅವನ್ನು ನಿಲ್ಲಿಸಲಾಗುತ್ತದೆ. ಕೊಳ್ಳೇಗಾಲದಿಂದ ಒಂದು ದಿನದಲ್ಲಿ ಹೋಗಿಬರಬೇಕಾದರೆ ಬೆಳಗಿನ ಜಾವವೇ ಹೊರಡಬೇಕು.

ಲೊಕ್ಕನಹಳ್ಳಿ, ಬರ್ಗೂರು ದಾರಿ: ಹನೂರಿನಿಂದ ಲೊಕ್ಕನಹಳ್ಳಿಯ ಮೇಲೆ ಒಡೆಯರಪಾಳ್ಯಕ್ಕೆ ಹೋದರೆ ಅಲ್ಲಿ 1970ರ ದಶಕದಲ್ಲಿ ನೆಲೆಸಿದ ಟಿಬೆಟನ್ನರ ಶಿಬಿರ ಮತ್ತು ಬೌದ್ಧ ವಿಹಾರಗಳಿವೆ. ಮುಂದೆ ಗರಿಕೆಕಂಡಿಯಲ್ಲಿ ಗಡಿ. ಆಚೆಯ ಬರ್ಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತರು ಕೆಂಪು ಮೈಮೇಲೆ ಬಿಳಿ ಮಚ್ಚೆಯ ಬರ್ಗೂರು ತಳಿಯ ದನಗಳನ್ನು ಸಾಕುತ್ತಾರೆ.

ಜಾತ್ರೆಯ ದಿನಗಳು

ಒಂದು ದಿನದ ಪ್ರವಾಸಕ್ಕೂ ಪರಸೆಗೂ ಇಲ್ಲಿ ಹತ್ತಿರದ ನಂಟು. ಮಲೆ ಮಹದೇಶ್ವರ ಬೆಟ್ಟದಲ್ಲಿ ಯುಗಾದಿ, ಮಹಾಲಯ ಅಮಾವಾಸ್ಯೆ, ದೀಪಾವಳಿ, ಶಿವರಾತ್ರಿಗಳಿಗೆ ಜಾತ್ರೆ. ದೀಪಾವಳಿಯಲ್ಲಿ ಬೇಡಗಂಪಣರ 101 ಹೆಣ್ಣುಮಕ್ಕಳು ಕಾಡಿನ ಹಳ್ಳದಿಂದ ತಲೆಯ ಮೇಲೆ ನೀರು ಹೊತ್ತು ತರುವ ಹಾಲರವೆ ಉತ್ಸವ ನಡೆಯುತ್ತದೆ. ಶಿವರಾತ್ರಿಗೆ ಕನಕಪುರ, ರಾಮನಗರ ಕಡೆಯ ಸಾವಿರಾರು ಮಂದಿ ನಡೆದೇ ಬರುತ್ತಾರೆ. ಕನಕಪುರ ಕಡೆಯ ಸಂಗಮ ಎಂಬಲ್ಲಿ ಕಾವೇರಿಯನ್ನು ಹಗ್ಗ ಹಿಡಿದು, ಗಂಟನ್ನು ತಲೆಯ ಮೇಲಿಟ್ಟುಕೊಂಡು ದಾಟಿ, ಕಾಡಿನೊಳಗಿಂದ ಶಾಗ್ಯದ ಕಡೆ ಹೊರಬೀಳುತ್ತಾರೆ.

ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆ ಬನದ ಹುಣ್ಣಿಮೆಗೆ ಶುರುವಾಗಿ ಐದು ದಿನ ನಡೆಯುತ್ತದೆ. ಮೊದಲ ರಾತ್ರಿ ಬಿದಿರಿನಿಂದ ಕಟ್ಟಿದ ಚಂದ್ರಮಂಡಲಕ್ಕೆ ಬೆಂಕಿ ಮುಟ್ಟಿಸುತ್ತಾರೆ. ಜ್ವಾಲೆ ಯಾವ ದಿಕ್ಕಿಗೆ ಬಾಗುತ್ತದೋ ಆ ಕಡೆ ಮಳೆಬೆಳೆ ಚೆನ್ನ ಎಂಬುದು ರೈತರ ನಂಬಿಕೆ. ಈ ಪಂಥದ ಗಾಯಕರಾದ ನೀಲಗಾರರು ತಂಬೂರಿ ಹಿಡಿದು ಸಿದ್ದಪ್ಪಾಜಿಯ ಗುರು ಮಂಟೇಸ್ವಾಮಿಯ ಕಥೆ ಹಾಡುತ್ತಾರೆ. ಎಲ್ಲ ಜಾತಿಯವರೂ ಕೂಡಿ ಕುಳಿತು ಉಣ್ಣುವ ಪಂಕ್ತಿಸೇವೆ ಈ ಜಾತ್ರೆಯ ತಿರುಳು.

ಉಪಯೋಗ

ದೇವರ ಕಾರ್ಯ ಮೊದಲ ಕಾರಣ. ಮುಡಿ, ಹರಕೆ, ಮನೆದೇವರ ಸೇವೆಗಳಿಗೆ ವರ್ಷಕ್ಕೊಮ್ಮೆಯಾದರೂ ಕುಟುಂಬ ಹೊರಡುತ್ತದೆ. ಶಾಲೆಗಳ ಚಾರಿತ್ರಿಕ ಪ್ರವಾಸಕ್ಕೆ ತಲಕಾಡು, ಸೋಮನಾಥಪುರ, ಶಿವನಸಮುದ್ರಗಳ ಸುತ್ತು ರೂಢಿ. ಕೊಳ್ಳೇಗಾಲದ ರೇಷ್ಮೆ ಸೀರೆಯ ವ್ಯಾಪಾರಕ್ಕೂ ಇದರಿಂದ ಲಾಭವಿದೆ: ಮದ್ರಾಸ್ ಆಧಿಪತ್ಯದ ಹಿಪ್ಪುನೇರಳೆ ಬೆಳೆಯ ಮುಖ್ಯ ತಾಲ್ಲೂಕು ಇದೇ ಆಗಿತ್ತು. ಬೆಟ್ಟದಿಂದ ಮರಳುವ ಮದುವೆ ಮನೆಯವರು ಇಲ್ಲಿಳಿದು ಸೀರೆ ಕೊಳ್ಳುವುದು ಹಳೆಯ ಪದ್ಧತಿ.

ಈಗಿನ ಸ್ಥಿತಿ

1990ರ ದಶಕದಲ್ಲಿ ಹನೂರು ಕಡೆಯ ಸಂಚಾರ ಕಾಡುಗಳ್ಳ ವೀರಪ್ಪನ್ ಹಾವಳಿಯಿಂದ ತಗ್ಗಿತ್ತು. 1991ರ ನವೆಂಬರ್‌ನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವನಿಂದ ಹತರಾದರು. ಅವರು ಗೋಪಿನಾಥಂನಲ್ಲಿ ಜನರಿಗಾಗಿ ಕಟ್ಟಿಸಿದ ಮಾರಿಯಮ್ಮನ ಗುಡಿ ಇಂದಿಗೂ ಇದೆ, ಊರವರು ಅವರನ್ನು ಭಕ್ತಿಯಿಂದ ನೆನೆಯುತ್ತಾರೆ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸ್ಫೋಟದಲ್ಲಿ 22 ಮಂದಿ ಸತ್ತರು. 2002ರಲ್ಲಿ ಮಾಜಿ ಸಚಿವ ಎಚ್. ನಾಗಪ್ಪ ಕಾಮಗೆರೆಯ ಮನೆಯಿಂದ ಅಪಹರಣಗೊಂಡು ಹತರಾದರು. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಹತನಾದ ಮೇಲೆ ದಾರಿಗಳು ಮತ್ತೆ ತುಂಬಿದವು. ಗೋಪಿನಾಥಂನಲ್ಲಿ ಈಗ ಪ್ರವಾಸಿಗರ ಕಾಡು ಶಿಬಿರ ನಡೆಯುತ್ತದೆ.

2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಜಾರಿಯಾದಂದಿನಿಂದ ಬೆಟ್ಟದ ಬಸ್ಸುಗಳಲ್ಲಿ ಜನ ಬಹಳ ಹೆಚ್ಚಿದ್ದಾರೆ. ಇದರ ಭಾರ ಕಾಡಿನ ಮೇಲೂ ಬಿದ್ದಿದೆ. ಎರಡೂ ಬೆಟ್ಟಗಳಲ್ಲಿ ಪ್ಲಾಸ್ಟಿಕ್‌ಗೆ ನಿಷೇಧವಿದೆ. ಮಲೆ ಮಹದೇಶ್ವರ ಬೆಟ್ಟದ ಬಳಿಯ ನಾಗಮಲೆಯಂಥ ಕಾಲ್ದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷ ತಿಂದು ಸತ್ತವು. ಸತ್ಯಮಂಗಲ ಘಾಟಿಯಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ.

ಜಲಪಾತಗಳನ್ನು ನೋಡಲು ಜುಲೈಯಿಂದ ಅಕ್ಟೋಬರ್ ಸರಿಯಾದ ಕಾಲ. ಕೃಷ್ಣರಾಜಸಾಗರ ಮತ್ತು ಕಬಿನಿ ಎರಡೂ ತುಂಬಿ ನೀರು ಬಿಟ್ಟಾಗ ಭರಚುಕ್ಕಿ ಬಂಡೆ ಕಾಣದಂತೆ ಮೈದುಂಬುತ್ತದೆ. ಅದೇ ನೀರು 2018 ಮತ್ತು 2019ರಲ್ಲಿ ದಾಸನಪುರ, ಹಳೇ ಹಂಪಾಪುರ, ಹಳೇ ಅಣಗಳ್ಳಿಗಳ ಮನೆಗಳಿಗೂ ನುಗ್ಗಿತು. ಅಂಥ ದಿನಗಳಲ್ಲಿ ಹೊಳೆಗಿಳಿಯುವುದು ಪ್ರಾಣಕ್ಕೆ ಅಪಾಯ. ಮೇಲಿನ ಅಣೆಕಟ್ಟೆಯ ನೀರು ಬಿಸಿಲಿರುವ ದಿನವೂ ಏರುತ್ತದೆ.

ಈ ಎಲ್ಲ ದಾರಿಗಳೂ ಬಸ್ಸು, ಕಾರು, ಕಾಲುಗಳನ್ನೇ ನೆಚ್ಚಿಕೊಂಡಿವೆ. ಬೆಂಗಳೂರಿನಿಂದ ಕನಕಪುರ, ಕೊಳ್ಳೇಗಾಲಗಳ ಮೇಲೆ ಚಾಮರಾಜನಗರಕ್ಕೆ ರೈಲು ಮಾರ್ಗದ ಪ್ರಸ್ತಾಪ ಬಹುಕಾಲದಿಂದ ಇದೆ. ಮೂರು ತಾಲ್ಲೂಕುಗಳಲ್ಲಿ ಎಲ್ಲಿಯೂ ಇನ್ನೂ ರೈಲು ನಿಲ್ದಾಣವಿಲ್ಲ.